ರಾತ್ರಿಯ ಮೋಟಾರು ಪ್ರಯಾಣದ ಭೀತಿಗಳು

ಭಯವೆಂಬುದು ಮನುಷ್ಯನ ಹುಟ್ಟುಗುಣಗಳಲ್ಲಿ ಒಂದು. ಅದನ್ನು ಹೇಡಿತನವೆಂದು ಹಳಿಯುವವರು ಅನೇಕರುಂಟು. ಆದರೆ ಭಯವನ್ನು ಪೂರಾ ತೊರೆದವನು ಬಹುಕಾಲ ಬಾಳಲಾರನೆಂಬುದನ್ನೂ ಹಿರಿಯರು ಬಲ್ಲರು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾದುದಿಲ್ಲ ಎಂಬ ವಿವೇಚನೆಯೇ ಇಲ್ಲಿ ಮುಖ್ಯವಾದುದು. ಈ ವಿವೇಚನೆಯು ಸುಲಭವಾಗಿ ಕೆಡುವ ಸ್ಥಳಗಳಲ್ಲಿ ಕಾಡುದಾರಿಯಲ್ಲಿ ರಾತ್ರಿ ಓಡುವ ಮೋಟಾರುಗಾಡಿಯೂ ಒಂದು. ಆ ವಿಷಯವಾಗಿ ನಮ್ಮ ನೆನಪಿನಲ್ಲಿ ಉಳಿದಿರುವ ಕೆಲವು ಸಂಗತಿಗಳನ್ನೂ, ಅವುಗಳಿಂದ ಗೃಹಸ್ಥರು ತಿಳಿಯಬಹುದಾದ ಕೆಲವು ಅಂಶಗಳನ್ನೂ ವಾಚಕರ ಮುಂದಿಡಬೇಕೆಂದು ಬಯಸಿದ್ದೇವೆ.

ನಮ್ಮದು ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯ ಸೀಮೆ. ಈ ಊರು ನಾಲ್ಕು ದಾರಿಗಳು ಕೂಡುವ ಸ್ಥಳ. ಒಂದು ದಾರಿಯು ಅರಸಾಳು, ಆಯನೂರುಗಳನ್ನು ದಾಟಿ ಶಿವಮೊಗ್ಗೆಯನ್ನು ಸೇರುತ್ತದೆ; ಇನ್ನೊಂದು ಆನಂದಪುರದ ಮೇಲೆ ಸಾಗರಕ್ಕೆ ಹೋಗುತ್ತದೆ; ಮತ್ತೊಂದು ಹೊಸನಗರಕ್ಕೆ, ನಾಲ್ಕನೆಯದು ತೀರ್ಥಹಳ್ಳಿಗೆ. ಯಾವ ದಾರಿಯನ್ನು ಹಿಡಿದರೂ ಕಾಡು, ಕಾನು, ಗದ್ದೆ, ತೋಟ ಇವೇ ಇಕ್ಕೆಲಗಳಲ್ಲಿ ಬರುತ್ತವೆ. ಹಗಲಿನಲ್ಲಿ ಕಣ್ಣಿಗೆ ಹಬ್ಬವಾಗಿರುವ ಈ ದಾರಿಗಳೇ ರಾತ್ರಿಯಾದೊಡನೆ ಬೇರೆಯ ರೂಪವನ್ನು ತಾಳುತ್ತವೆ. ದೀಪದ ಬೆಳಕು ಮುಟ್ಟಿದಷ್ಟೇ ಲೋಕ, ಅದರಾಚೆಗೆಲ್ಲ ಕಪ್ಪು.

ಪಟ್ಟಣವಾಸಿಗಳು ರಾತ್ರಿಯ ಪ್ರಯಾಣವನ್ನು ವಿನೋದವೆಂದು ಭಾವಿಸಬಹುದು. ಮಲೆನಾಡಿನ ಗೃಹಸ್ಥರಿಗೆ ಅದು ಹಾಗಲ್ಲ. ನಮ್ಮಲ್ಲಿ ನಡುರಾತ್ರಿ ಗಾಡಿ ಹೊರಟಿತೆಂದರೆ ಮನೆಯಲ್ಲಿ ಯಾರಿಗೋ ಹೆರಿಗೆಯ ನೋವು ಬಂದಿರಬೇಕು, ಯಾರನ್ನೋ ಹಾವು ಕಚ್ಚಿರಬೇಕು, ಇಲ್ಲವೆ ದೂರದ ಊರಿನಿಂದ ಕೆಟ್ಟ ಸುದ್ದಿ ಬಂದಿರಬೇಕು. ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೆ ಸುಮಾರು ೫೦ ಕಿಲೋಮೀಟರು ದಾರಿ. ಮಣಿಪಾಲಕ್ಕೆ ಹೋಗಬೇಕಾದರೆ ಘಟ್ಟವನ್ನೇ ಇಳಿಯಬೇಕು. ಹೊಸನಗರ, ನಗರ, ಮಾಸ್ತಿಕಟ್ಟೆಗಳ ಮೇಲೆ ಹುಲಿಕಲ್ ಘಾಟಿಯಿಂದಾಗಲಿ, ತೀರ್ಥಹಳ್ಳಿಯ ಮೇಲೆ ಆಗುಂಬೆಯ ಘಾಟಿಯಿಂದಾಗಲಿ ಇಳಿಯುವುದು. ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಅಲ್ಲಿ ವರ್ಷಕ್ಕೆ ಸುಮಾರು ೭,೫೦೦ ಮಿಲಿಮೀಟರು ಮಳೆ ಬೀಳುವುದುಂಟು. ಹುಲಿಕಲ್ಲಿನಲ್ಲಿಯೂ ಮಳೆಯು ಕಡಿಮೆಯದಲ್ಲ. ಅಲ್ಲಿನ ಚಂಡಿಕಾಂಬೆಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಕೈಮುಗಿದು, ಆ ಬಳಿಕ ಘಾಟಿಗಿಳಿಯುವುದು ಬಸ್ಸು ಲಾರಿಗಳವರ ವಾಡಿಕೆ.

೧೯೮೨ನೆಯ ಇಸವಿಯ ಆಶ್ಲೇಷ ಮಳೆಯಲ್ಲಿ ನಾವು ಆ ಘಾಟಿಯನ್ನು ರಾತ್ರಿ ಇಳಿದೆವು. ನಮ್ಮ ಅಕ್ಕನಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತ್ತು; ಊರಿನ ವೈದ್ಯರು ತಡಮಾಡದೆ ಮಣಿಪಾಲಕ್ಕೆ ಕರೆದೊಯ್ಯಬೇಕೆಂದರು. ಪೇಟೆಯಲ್ಲಿ ಸಾಹೇಬರೊಬ್ಬರ ಬಾಡಿಗೆಯ ಅಂಬಾಸಡರ್ ಗಾಡಿಯಿತ್ತು. ಅವರು ಉಣ್ಣುತ್ತಿದ್ದ ತಟ್ಟೆಯನ್ನು ಬಿಟ್ಟು ಎದ್ದು ಬಂದರು. ಹಿಂದಿನ ಆಸನದಲ್ಲಿ ಅಕ್ಕ, ಅಜ್ಜಿ, ತಾಯಿ. ಮುಂದೆ ತಂದೆಯವರು ಮತ್ತು ನಾವು. ಮಾಸ್ತಿಕಟ್ಟೆಯನ್ನು ದಾಟುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಆ ಬಳಿಕ ಗಾಜನ್ನು ಒರಸುವ ಕಡ್ಡಿಯು ಎರಡು ಸಲ ನರಳಿ ನಿಂತುಹೋಯಿತು. ಮಳೆಯು ಗಾಜಿನ ಮೇಲೆ ಹಾಲಿನಂತೆ ಹರಿಯಲಾರಂಭಿಸಿತು. ಎಡಕ್ಕೋ ಬಲಕ್ಕೋ ಪ್ರಪಾತವಿದೆಯೆಂಬುದು ಗೊತ್ತಿತ್ತೇ ಹೊರತು ಎಲ್ಲಿದೆಯೆಂಬುದು ಕಾಣುತ್ತಿರಲಿಲ್ಲ.

ಸಾಹೇಬರು ಗಾಡಿಯನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿ, ಹಿಂತಿರುಗಿ, “ಅಮ್ಮಾ, ನಿಮ್ಮ ಸಂಚಿಯಲ್ಲಿ ಹೊಗೆಸೊಪ್ಪು ಉಂಟಾ?” ಎಂದು ಕೇಳಿದರು. ಇಂತಹ ಸಮಯದಲ್ಲಿ ಎಲೆಯಡಿಕೆಯ ಯೋಚನೆಯೇ ಎಂದು ನಮಗೆ ಕೋಪ ಬಂದಿತು. ಅಜ್ಜಿಯು ಮಾತಾಡದೆ ಒಂದು ತುಂಡನ್ನು ಕೊಟ್ಟರು. ಸಾಹೇಬರು ಇಳಿದು ಅದನ್ನು ಒದ್ದೆಮಾಡಿ ಗಾಜಿನ ಮೇಲೆಲ್ಲ ಉಜ್ಜಿದರು. ನೀರು ಮಣಿಮಣಿಯಾಗಿ ನಿಲ್ಲುವುದನ್ನು ಬಿಟ್ಟು ತೆಳುವಾದ ಪೊರೆಯಂತೆ ಇಳಿಯತೊಡಗಿತು. ಮಸುಕಾಗಿಯಾದರೂ ದಾರಿಯು ಕಂಡಿತು. ತಂದೆಯವರು ಕೊಡೆಯನ್ನೂ ಹಿಡಿಯದೆ, ಬಿಳಿಯ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು, ದಾರಿಯ ಅಂಚಿನಲ್ಲಿ ಮುಂದೆ ಮುಂದೆ ನಡೆದರು. ಆ ಬಿಳಿಯ ಬಟ್ಟೆಯನ್ನು ಅನುಸರಿಸಿ ಗಾಡಿಯು ನಾಲ್ಕಾರು ತಿರುವುಗಳನ್ನು ಇಳಿಯಿತು. ಒಳಗೆ ಅಕ್ಕನ ನರಳಾಟ, ಹೊರಗೆ ಕಲ್ಲುಗಳು ಉರುಳುವ ಸದ್ದು. ಅಂತಹ ಭಯವನ್ನು ನಾವು ಅದಕ್ಕೆ ಮೊದಲೂ ಅನಂತರವೂ ಕಂಡಿಲ್ಲ. ಹೊಸಂಗಡಿಯ ದೀಪಗಳು ಕಂಡಾಗ ತಾಯಿಯವರು ಅತ್ತೇಬಿಟ್ಟರು. ಬೆಳಗಿನ ಜಾವಕ್ಕೆ ಆಸ್ಪತ್ರೆ ಸೇರಿದೆವು. ಅಂದು ಹುಟ್ಟಿದ ಹೆಣ್ಣುಮಗುವಿಗೆ ಈಗ ನಲವತ್ತು ದಾಟಿದೆ.

ಈ ಪ್ರಸಂಗವನ್ನು ಮೊದಲು ಹೇಳಿದುದಕ್ಕೆ ಕಾರಣವಿದೆ. ಅಂದು ನಮಗಾದ ಭಯವು ಯೋಗ್ಯವಾದ ಭಯ. ಆ ರಾತ್ರಿ ಗಾಡಿಯೊಳಗಿದ್ದ ಒಬ್ಬೊಬ್ಬರೂ ಹೆದರಿದ್ದರು. ಹೆದರಿದ್ದರಿಂದಲೇ ಗಾಡಿಯು ನಡಿಗೆಯ ವೇಗದಲ್ಲಿ ಇಳಿಯಿತು, ಒಬ್ಬರ ಕಣ್ಣೂ ಮುಚ್ಚಲಿಲ್ಲ. ಘಾಟಿಯ ದಾರಿಯು ತನ್ನ ಅಪಾಯವನ್ನು ಮುಚ್ಚಿಡುವುದಿಲ್ಲ. ಅಪಾಯವನ್ನು ಮುಚ್ಚಿಡುವ ದಾರಿಗಳು ಬೇರೆ ಇವೆ. ಅವನ್ನು ಹೇಳುವ ಮೊದಲು, ಇಲ್ಲದ ಅಪಾಯವನ್ನು ತೋರಿಸುವ ದಾರಿಗಳ ಮಾತನ್ನಾಡೋಣ.

ಬಿಳಿಯ ಸೀರೆಯುಟ್ಟ ಹೆಂಗಸೊಬ್ಬಳು ನಡುರಾತ್ರಿ ದಾರಿಯ ಮಗ್ಗುಲಲ್ಲಿ ನಿಂತು ಕೈಯೊಡ್ಡಿ ಗಾಡಿಯನ್ನು ನಿಲ್ಲಿಸುತ್ತಾಳೆ. ಹತ್ತಿ ಕುಳಿತವಳು ಸ್ವಲ್ಪ ದೂರದಲ್ಲಿಯೇ ಮಾಯವಾಗುತ್ತಾಳೆ. ಈ ಕಥೆಯನ್ನು ಕೇಳದ ವಾಚಕರು ವಿರಳ. ನಮ್ಮ ಸೀಮೆಯಲ್ಲಿ ಪ್ರತಿಯೊಂದು ದೊಡ್ಡ ತಿರುವಿಗೂ, ಪ್ರತಿಯೊಂದು ಚೌಡಿಬನಕ್ಕೂ ಇಂತಹ ಒಂದು ಕಥೆಯುಂಟು. ಹೇಳುವವರು ತಾವು ಕಂಡೆವೆನ್ನುವುದಿಲ್ಲ, ತಮ್ಮ ಭಾವನ ಸ್ನೇಹಿತರು ಕಂಡರೆನ್ನುತ್ತಾರೆ. ಇದು ಮಲೆನಾಡಿನ ಸೊತ್ತೆಂದು ನಾವು ಬಹುಕಾಲ ನಂಬಿದ್ದೆವು. ಆದರೆ ಅಮೆರಿಕದಲ್ಲಿ ಬಿಯರ್ಡ್‌ಸ್ಲಿ ಮತ್ತು ಹ್ಯಾಂಕಿ ಎಂಬ ಇಬ್ಬರು ವಿದ್ವಾಂಸರು ೧೯೪೨ರಲ್ಲಿಯೇ ಇದೇ ಕಥೆಯ ೭೯ ರೂಪಗಳನ್ನು ಕಲೆಹಾಕಿ ಪ್ರಕಟಿಸಿದ್ದರು. ಮೋಟಾರು ಹೋದ ದೇಶಕ್ಕೆಲ್ಲ ಈ ಹೆಂಗಸೂ ಹೋಗಿದ್ದಾಳೆಂದಾಯಿತು. ೧೯೯೦ರ ದಶಕದಲ್ಲಿ ಕನ್ನಡನಾಡಿನ ಊರೂರುಗಳಲ್ಲಿ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆದುದು ಹಲವರಿಗೆ ನೆನಪಿರಬಹುದು. ಆ ಕಾಲದಲ್ಲಿ ರಾತ್ರಿಯ ಗಾಡಿಗಳಲ್ಲಿ ಹೆಂಗಸರು ಮಕ್ಕಳು ಕಿಟಕಿಯ ಹೊರಗೆ ನೋಡಲೂ ಅಂಜುತ್ತಿದ್ದರು.

ಅಂತಹುದೇ ಒಂದು ಚಳಿಗಾಲದಲ್ಲಿ, ಬಯಲಾಟವನ್ನು ನೋಡಿಕೊಂಡು ಹುಂಚದ ಕಡೆಯಿಂದ ರಿಪ್ಪನ್‌ಪೇಟೆಗೆ ಜೀಪಿನಲ್ಲಿ ಮರಳುತ್ತಿದ್ದೆವು. ಇಬ್ಬನಿಯು ದಟ್ಟವಾಗಿ ಇಳಿದಿತ್ತು. ಕಾಡಿನ ನಡುವೆ ಒಂದು ತಿರುವನ್ನು ಹೊರಳಿದೊಡನೆ ನಮ್ಮ ಅತ್ತೆಯವರು ಕಿಟ್ಟನೆ ಕಿರುಚಿದರು. ದಾರಿಯ ಮೇಲೆ, ನೆಲದಿಂದ ಮೊಣಕಾಲೆತ್ತರದವರೆಗೆ, ಬಿಳಿಯದೇನೋ ನಿಂತಿತ್ತು. ಅದರ ಮೇಲೆ ದೇಹವಿರಲಿಲ್ಲ; ಬರಿಯ ಕಪ್ಪು. ಇನ್ನೂ ಮೇಲೆ, ಆಳೆತ್ತರದಲ್ಲಿ, ಎರಡು ಹಸುರು ಕಿಡಿಗಳು. ಗಾಡಿಯಲ್ಲಿದ್ದ ಏಳು ಜನರಲ್ಲಿ ಆರು ಜನ ಕಣ್ಣು ಮುಚ್ಚಿದರು. ಮುಚ್ಚದೆ ಉಳಿದವನು ಡ್ರೈವರೊಬ್ಬನೇ. ಅವನು ಮೆಲ್ಲನೆ ಗಾಡಿ ನಿಲ್ಲಿಸಿ, ದೀಪವನ್ನು ತಗ್ಗಿಸಿ, “ಕಾಟಿ ಅಮ್ಮಾ. ಸುಮ್ನಿರಿ, ತಾನಾಗೇ ಹೋಗ್ತದೆ” ಎಂದನು. ಎರಡು ನಿಮಿಷವಾದ ಮೇಲೆ ಆ ಬಿಳಿಯ ಕಾಲುಗಳು ಸಾವಕಾಶವಾಗಿ ನಡೆದು ಕಾಡನ್ನು ಹೊಕ್ಕವು. ಅವುಗಳ ಹಿಂದೆ ಇನ್ನೂ ಮೂರು ಜೊತೆ ಕಾಲುಗಳು.

ವಾಚಕರು ಕಾಟಿಯನ್ನು ಹಗಲು ನೋಡಿರಬಹುದು. ಮೈಯೆಲ್ಲ ಕಾಡಿಗೆಯ ಬಣ್ಣ. ಮೊಣಕಾಲಿನಿಂದ ಕೆಳಕ್ಕೆ ಮಾತ್ರ ಬಿಳಿಯ ಕಾಲುಚೀಲ ತೊಟ್ಟಂತಿರುತ್ತದೆ. ತಗ್ಗಿಸಿದ ದೀಪದಲ್ಲಿ ಆ ಕಾಲುಗಳಷ್ಟೇ ಹೊಳೆದು, ಮೇಲಿನ ದೊಡ್ಡ ದೇಹವು ಕತ್ತಲೆಯಲ್ಲಿ ಕರಗಿಹೋಗುತ್ತದೆ. ಹೆಗಲಿನವರೆಗೆ ಸುಮಾರು ಆರಡಿ ಎತ್ತರ, ಬೆಳೆದ ಗಂಡು ಸಾವಿರ ಕಿಲೋಗ್ರಾಮಿನವರೆಗೂ ತೂಗುತ್ತದೆ. ನಮ್ಮ ಅತ್ತೆಯವರು ಕಂಡ ಮೋಹಿನಿಯು ಗಾಡಿಗೆ ಏನನ್ನೂ ಮಾಡಲಾರಳಾಗಿದ್ದಳು. ನಿಜವಾಗಿ ಅಲ್ಲಿ ನಿಂತಿದ್ದುದು ಗಾಡಿಯನ್ನು ಅಪ್ಪಚ್ಚಿ ಮಾಡಬಲ್ಲುದಾಗಿತ್ತು. ಸುಳ್ಳು ಭಯವು ಕಣ್ಣು ಮುಚ್ಚಿಸುತ್ತದೆ, ನಿಜವಾದ ಭಯವು ಕಣ್ಣು ತೆರೆಸುತ್ತದೆ ಎಂಬ ಮಾತು ಅಂದು ನಮಗೆ ಹೊಳೆಯಿತು.

ಕಿಡಿಯಂತೆ ಹೊಳೆಯುವ ಕಣ್ಣುಗಳ ಗುಟ್ಟೂ ತಿಳಿಯತಕ್ಕುದೇ. ಬೆಕ್ಕು, ಚಿರತೆ, ಕಡವೆ, ದನ ಮೊದಲಾದ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರವಿದೆ. ಒಳಕ್ಕೆ ಬಂದ ಮಂದ ಬೆಳಕನ್ನು ಅದು ಹಿಂದಿರುಗಿಸಿ ಎರಡನೆಯ ಸಲ ಉಪಯೋಗಕ್ಕೆ ಒದಗಿಸುತ್ತದೆ. ಹಾಗೆ ಹಿಂದಿರುಗಿದ ಬೆಳಕೇ ನಮಗೆ ಕಿಡಿಯಾಗಿ ಕಾಣುವುದು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನ ಪರ್ಸಿ ಷಾ ಎಂಬಾತನು ಇದೇ ತತ್ತ್ವದಿಂದ ರಸ್ತೆಯ ನಡುವೆ ಹುದುಗಿಸುವ ಗಾಜಿನ ಕಣ್ಣುಗಳನ್ನು ಮಾಡಿ ೧೯೩೪ರಲ್ಲಿ ಹಕ್ಕುಪತ್ರ ಪಡೆದನು. ಇಂದು ನಮ್ಮ ಹೆದ್ದಾರಿಗಳಲ್ಲಿ ರಾತ್ರಿ ಸಾಲಾಗಿ ಮಿನುಗುವ ಗುಂಡಿಗಳು ಅವುಗಳ ಸಂತತಿಯೇ. ಆದರೆ ಎಚ್ಚರಿಕೆ: ಕಾಡುಹಂದಿಗೆ ಈ ಪದರವಿಲ್ಲ. ಆದುದರಿಂದ ಹಂದಿಯ ಹಿಂಡು ದಾರಿಯನ್ನು ದಾಟುವಾಗ ಯಾವ ಕಿಡಿಯೂ ಮುನ್ಸೂಚನೆ ಕೊಡುವುದಿಲ್ಲ.

ಆ ಪದರವು ಮನುಷ್ಯನಿಗೂ ಇಲ್ಲ. ಮಳೆಗಾಲದಲ್ಲಿ ಕರಿಯ ಕಂಬಳಿಕೊಪ್ಪೆಯನ್ನು ಹೊದ್ದು, ಗದ್ದೆಯ ನೀರು ನೋಡಲೆಂದೋ ದನವನ್ನು ಹುಡುಕಲೆಂದೋ ದಾರಿಯ ಅಂಚಿನಲ್ಲಿ ನಡೆಯುವ ರೈತನು ಡ್ರೈವರಿನ ಕಣ್ಣಿಗೆ ಕಾಟಿಯಷ್ಟೂ ಕಾಣಿಸುವುದಿಲ್ಲ. ಗಾಡಿಯೊಳಗೆ ಕುಳಿತ ನಾವು ಹೊರಗಿನ ಕತ್ತಲೆಗೆ ಹೆದರುತ್ತೇವೆ. ಹೊರಗೆ ನಡೆಯುವವನು ನಮ್ಮ ಗಾಡಿಗೆ ಹೆದರುತ್ತಾನೆ. ಇಬ್ಬರಲ್ಲಿ ಅವನ ಭಯವೇ ಹೆಚ್ಚು ನ್ಯಾಯವಾದುದು. ಕಂಬಳಿಯ ಮೇಲೆ ಒಂದು ಬಿಳಿಯ ವಸ್ತ್ರವೋ ಕೈಯಲ್ಲಿ ಒಂದು ಬ್ಯಾಟರಿಯೋ ಇದ್ದರೆ ಎಷ್ಟೋ ಜೀವಗಳು ಉಳಿಯುವುವು. ೧೯೮೨ರ ಆ ರಾತ್ರಿ ತಂದೆಯವರ ಪಂಚೆಯು ಗಾಡಿಗೆ ದಾರಿಯನ್ನು ತೋರಿಸಿದುದು ಮಾತ್ರವಲ್ಲ, ತಂದೆಯವರನ್ನೂ ಗಾಡಿಗೆ ತೋರಿಸಿತ್ತು.

ಇನ್ನು, ಅಪಾಯವನ್ನು ಮುಚ್ಚಿಡುವ ದಾರಿಯ ಮಾತು. ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಊರೊಂದರಲ್ಲಿ ನೆಂಟರ ಮದುವೆ ಮುಗಿಸಿಕೊಂಡು ರಾತ್ರಿಯೇ ಹೊರಟೆವು. ಹೊಸ ಗಾಡಿ, ನುಣುಪಾದ ನೇರವಾದ ರಸ್ತೆ, ಮೇಲೆ ಬೆಳ್ದಿಂಗಳು. ತಿರುವಿಲ್ಲ, ಪ್ರಪಾತವಿಲ್ಲ, ಇಬ್ಬನಿಯೂ ಇಲ್ಲ. ಮದುವೆಯೂಟದ ಭಾರಕ್ಕೆ ಎಲ್ಲರೂ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆಹೋದರು. ಗಂಟೆ ಮೂರರ ಸುಮಾರಿಗೆ ಗಾಲಿಗಳ ಸದ್ದು ಬದಲಾದಂತೆ ತೋರಿ ನಮಗೆ ಎಚ್ಚರವಾಯಿತು. ಎಡಗಡೆಯ ಗಾಲಿಗಳು ಡಾಂಬರನ್ನು ಬಿಟ್ಟು ಜಲ್ಲಿಯ ಮೇಲೆ ಓಡುತ್ತಿದ್ದುವು. ಡ್ರೈವರಿನ ಹುಡುಗನು ನೆಟ್ಟಗೆ ಕುಳಿತಿದ್ದನು, ಕೈಗಳು ಚಕ್ರದ ಮೇಲಿದ್ದುವು, ಕಣ್ಣುಗಳು ಮುಚ್ಚಿದ್ದುವು. ಮುಂದೆ ಒಂದು ಹುಣಿಸೆಯ ಮರವು ಬೆಳ್ದಿಂಗಳಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹೆಸರು ಹಿಡಿದು ಕೂಗಿ ಹೆಗಲನ್ನು ಅಲುಗಿಸಿದೆವು. ಗಾಡಿಯು ಒಂದು ಸಲ ತೊನೆದು ಮರಳಿ ರಸ್ತೆಗೆ ಬಂದಿತು. ಹಿಂದೆ ಮಲಗಿದ್ದವರಲ್ಲಿ ಕೆಲವರಿಗೆ ಎಚ್ಚರವೂ ಆಗಲಿಲ್ಲ. ಕೇಳಿದಾಗ ತಿಳಿದುಬಂದುದೇನೆಂದರೆ, ಆ ಹುಡುಗನು ಹಿಂದಿನ ದಿನ ನಸುಕಿನಲ್ಲಿ ಎದ್ದವನು, ಮದುವೆಮನೆಯ ಸಾಮಾನು ಸಾಗಿಸುವ ಕೆಲಸವೂ ಅವನದೇ ಆಗಿತ್ತು. ಮನೆಮಂದಿಯಲ್ಲಿ ಯಾರೊಬ್ಬರೂ ಅವನನ್ನು, “ತಮ್ಮಾ, ನಿದ್ದೆಯಾಯಿತೇ?” ಎಂದು ಕೇಳಿರಲಿಲ್ಲ. ಊಟವಾಯಿತೇ ಎಂದು ಮಾತ್ರ ಹತ್ತು ಜನ ಕೇಳಿದ್ದರು.

ನಾವು ಕಂಡ ಮೂರು ರಾತ್ರಿಗಳಲ್ಲಿ ಸಾವು ಅತ್ಯಂತ ಸಮೀಪಕ್ಕೆ ಬಂದುದು ಇದೇ ರಾತ್ರಿ. ಭಯವೇ ಇಲ್ಲದಿದ್ದುದೂ ಇದೇ ರಾತ್ರಿ. ಹದಿನೇಳು ಗಂಟೆಗಳ ಕಾಲ ಎಚ್ಚರವಾಗಿದ್ದವನ ಕೈಕಣ್ಣುಗಳು, ರಕ್ತದಲ್ಲಿ ನೂರು ಮಿಲಿಲೀಟರಿಗೆ ೫೦ ಮಿಲಿಗ್ರಾಮು ಮದ್ಯವಿರುವವನಷ್ಟು ಮಂದವಾಗುತ್ತವೆಂದು ೧೯೯೦ರ ದಶಕದಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದುಬಂದಿದೆ. ನಮ್ಮ ದೇಶದ ಕಾಯಿದೆಯು ಗಾಡಿ ನಡೆಸುವವನಿಗೆ ಸಹಿಸುವ ಮಿತಿಯು ೩೦ ಮಿಲಿಗ್ರಾಮು ಮಾತ್ರ. ಕುಡಿದವನ ಕೈಗೆ ಮನೆಯ ಮಕ್ಕಳನ್ನು ಯಾವ ಗೃಹಸ್ಥನೂ ಒಪ್ಪಿಸನು. ಆದರೆ ನಿದ್ದೆಗೆಟ್ಟವನ ಕೈಗೆ ನಿಶ್ಚಿಂತೆಯಿಂದ ಒಪ್ಪಿಸಿ ತಾನು ಮಲಗುತ್ತಾನೆ. ನಿದ್ದೆಯ ಜೊಂಪು ನಾಲ್ಕು ಸೆಕೆಂಡು ಹತ್ತಿದರೆ ಸಾಕು, ಗಂಟೆಗೆ ೬೦ ಕಿಲೋಮೀಟರು ವೇಗದ ಗಾಡಿಯು ಅಷ್ಟರಲ್ಲಿ ೬೭ ಮೀಟರು ಓಡಿರುತ್ತದೆ. ರಾತ್ರಿ ಎರಡರಿಂದ ಐದರವರೆಗಿನ ಹೊತ್ತು, ದೇಹವು ಸ್ವಭಾವತಃ ನಿದ್ದೆಯನ್ನು ಬೇಡುವ ಹೊತ್ತಾದುದರಿಂದ, ಎಲ್ಲಕ್ಕಿಂತ ಕೆಟ್ಟದು.

ಕನ್ನಡಿಗರಿಗೆ ಮುಂಜಾವದ ರಸ್ತೆಯು ಕೊಟ್ಟ ಒಂದು ದೊಡ್ಡ ದುಃಖವನ್ನು ಇಲ್ಲಿ ನೆನೆಯದಿರಲಾಗದು. ರಿಪ್ಪನ್‌ಪೇಟೆಗೆ ಹತ್ತಿರದ ಅರಸಾಳಿನ ಹಳೆಯ ರೈಲುನಿಲ್ದಾಣವು ‘ಮಾಲ್ಗುಡಿ ಡೇಸ್’ ಎಂಬ ದೂರದರ್ಶನದ ಕಥಾಮಾಲೆಯಲ್ಲಿ ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡಿತು. ಆ ಕಥಾಮಾಲೆಯನ್ನು ಆಗುಂಬೆಯಲ್ಲಿಯೂ ಇಲ್ಲಿಯೂ ಚಿತ್ರಿಸಿದ ಶಂಕರನಾಗರು ೧೯೯೦ನೆಯ ಸೆಪ್ಟೆಂಬರು ೩೦ರಂದು ಮುಂಜಾವದಲ್ಲಿ ದಾವಣಗೆರೆಯ ಸಮೀಪದ ಆನಗೋಡಿನ ಬಳಿ ಕಾರಿನ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗಿನ್ನೂ ೩೫ ವರ್ಷ. ಇಕ್ಕಟ್ಟಾದ ಮಲೆನಾಡಿನ ದಾರಿಗಳಲ್ಲಿ ತಿಂಗಳುಗಟ್ಟಲೆ ಓಡಾಡಿದವರನ್ನು ಬಯಲಿನ ರಸ್ತೆಯು ಕೊಂಡೊಯ್ದಿತು. ೨೦೨೦ರಲ್ಲಿ ಅರಸಾಳಿನ ಆ ಹಳೆಯ ಕಟ್ಟಡವನ್ನು ಮಾಲ್ಗುಡಿಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಮ್ಮ ಮನೆಯ ಹಿರಿಯರು ಡ್ರೈವರಿಗೆ “ನಿಧಾನ” ಎಂದು ಒಂದು ಮಾತು ಹೇಳದೆ ಬಿಡುವುದಿಲ್ಲ.

ನಿಧಾನವೆಂದರೆ ಎಷ್ಟು ನಿಧಾನವೆಂಬುದಕ್ಕೂ ಲೆಕ್ಕವುಂಟು. ತಗ್ಗಿಸಿದ ದೀಪದಲ್ಲಿ ಸುಮಾರು ೪೦ ಮೀಟರು ದೂರ ಚೆನ್ನಾಗಿ ಕಾಣುತ್ತದೆಂದು ಇಟ್ಟುಕೊಳ್ಳೋಣ. ಅಡ್ಡಿಯೊಂದನ್ನು ಕಂಡು, ಅದೇನೆಂದು ತಿಳಿದು, ಕಾಲನ್ನು ಬ್ರೇಕಿಗೆ ಒಯ್ಯಲು ಒಂದೂವರೆ ಸೆಕೆಂಡು ಬೇಕು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಅಷ್ಟರೊಳಗೆ ೨೫ ಮೀಟರು ಕಳೆದಿರುತ್ತದೆ. ಒದ್ದೆಯಾದ ರಸ್ತೆಯಲ್ಲಿ ನಿಲ್ಲುವುದಕ್ಕೆ ಮತ್ತೆ ೩೫ ಮೀಟರು. ಒಟ್ಟು ೬೦ ಮೀಟರು. ಅಂದರೆ ಕಾಟಿಯು ಕಂಡ ಮೇಲೆ ಅದಕ್ಕೆ ಬಡಿಯದೆ ನಿಲ್ಲುವುದು ಅಸಾಧ್ಯ. ವೇಗವನ್ನು ೪೦ಕ್ಕೆ ಇಳಿಸಿದರೆ ಅದೇ ಗಾಡಿಯು ೩೩ ಮೀಟರಿನೊಳಗೆ ನಿಲ್ಲುತ್ತದೆ. ಕಂಡಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ರಾತ್ರಿಯ ವೇಗ. ಅದಕ್ಕಿಂತ ಹೆಚ್ಚಿನದೆಲ್ಲ ಕಣ್ಣುಕಟ್ಟಿಕೊಂಡು ಓಡಿದಂತೆ.

ಕಣ್ಣಿನ ವಿಷಯವಾಗಿಯೂ ಎರಡು ಮಾತು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಕಾಲ ಹಿಡಿಯುತ್ತದೆ. ಆದುದರಿಂದ ಗಾಡಿಯೊಳಗೆ ದೀಪ ಹಚ್ಚಿಡುವುದು, ಮುಂದೆ ಕುಳಿತವರು ಮೊಬೈಲಿನ ಪ್ರಕಾಶವನ್ನು ಡ್ರೈವರಿನ ಮುಖಕ್ಕೆ ಬೀಳಿಸುವುದು, ಇವೆರಡನ್ನೂ ಬಿಡಬೇಕು. ಎದುರಿನ ಗಾಡಿಯ ದೀಪವು ಕಣ್ಣು ಕುಕ್ಕಿದಾಗ ಅದನ್ನೇ ದಿಟ್ಟಿಸದೆ ರಸ್ತೆಯ ಎಡ ಅಂಚನ್ನು ನೋಡುತ್ತ ವೇಗವನ್ನು ಇಳಿಸಬೇಕು. ಇಬ್ಬನಿಯಲ್ಲಿ ಎತ್ತಿದ ದೀಪವನ್ನು ಹಾಕಿದರೆ ಬೆಳಕು ನೀರಿನ ಕಣಗಳಿಗೆ ತಾಗಿ ನಮ್ಮ ಮೇಲೆಯೇ ಮರಳುತ್ತದೆ, ಬಿಳಿಯ ಗೋಡೆಯೊಂದು ಎದ್ದುನಿಂತಂತಾಗುತ್ತದೆ. ತಗ್ಗಿಸಿದ ದೀಪವೇ ಅಲ್ಲಿ ಹಿತ.

ಮನೆಯವರು ಮಾಡತಕ್ಕುದೂ ಬಹಳವಿಲ್ಲ. ಹೊರಡುವ ಮೊದಲು ಡ್ರೈವರಿನ ನಿದ್ದೆಯನ್ನು ವಿಚಾರಿಸುವುದು. ಮದುವೆಮನೆಯಲ್ಲಿ ಅವನಿಗೂ ಒಂದು ಚಾಪೆ, ಒಂದು ಮೂಲೆ ಕೊಡಿಸುವುದು. ಹಿಂದೆ ಕುಳಿತವರೂ ಪಟ್ಟಿಯನ್ನು ಕಟ್ಟಿಕೊಳ್ಳುವುದು. ಎಲ್ಲರೂ ಒಟ್ಟಿಗೆ ಮಲಗದೆ ಒಬ್ಬರಾದರೂ ಮುಂದೆ ಎಚ್ಚರವಾಗಿದ್ದು ಮಾತಾಡುತ್ತಿರುವುದು. ಆಕಳಿಕೆ ಬಂದರೆ ಗಾಡಿಯನ್ನು ಸುರಕ್ಷಿತವಾದ ಕಡೆಯಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿ ಏಳುವುದರಿಂದ ಆಗುವ ಉಪಕಾರವು ಮುಖಕ್ಕೆ ನೀರೆರಚುವುದರಿಂದಾಗಲಿ ಗಟ್ಟಿಯಾಗಿ ಹಾಡುವುದರಿಂದಾಗಲಿ ಆಗುವುದಿಲ್ಲ. ರೋಗಿಯನ್ನು ಸಾಗಿಸಬೇಕಾದಾಗ ೨೦೦೮ರಿಂದ ನಮ್ಮ ರಾಜ್ಯದಲ್ಲಿ ೧೦೮ರ ಗಾಡಿಯಿದೆ. ಅದಕ್ಕೆ ಮೊದಲು ಕರೆ ಕೊಟ್ಟು, ತಡವಾಗುವಂತಿದ್ದರೆ ಮಾತ್ರ ಬೇರೆ ಏರ್ಪಾಡು ಮಾಡುವುದು ಲೇಸು.

ದಾರಿಯಲ್ಲಿ ಬಿದ್ದವರನ್ನು ಕಂಡರೆ ನಿಲ್ಲಬೇಕೇ ಬೇಡವೇ ಎಂಬ ಅಂಜಿಕೆಯೂ ರಾತ್ರಿಯ ಭೀತಿಗಳಲ್ಲಿ ಒಂದು. ಪೋಲೀಸು, ಕೋರ್ಟುಗಳ ಅಲೆದಾಟಕ್ಕೆ ಹೆದರಿ ಮುಂದೆ ಸಾಗಿದವರು ಹಿಂದೆ ಅನೇಕರಿದ್ದರು. ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಸೇರಿಸಿದ ೧೩೪ಎ ಎಂಬ ಕಲಮಿನಂತೆ, ಗಾಯಗೊಂಡವರಿಗೆ ಸದ್ಭಾವದಿಂದ ನೆರವಾದವರ ಮೇಲೆ ಯಾವ ದಾವೆಯೂ ನಿಲ್ಲುವುದಿಲ್ಲ. ತಮ್ಮ ಹೆಸರು ವಿಳಾಸಗಳನ್ನು ಹೇಳಬೇಕೆಂಬ ಬಲಾತ್ಕಾರವೂ ಇಲ್ಲ. ಆದುದರಿಂದ ಈ ಭಯವನ್ನು ಗೃಹಸ್ಥರು ಮೋಹಿನಿಯ ಭಯದೊಂದಿಗೇ ಬಿಟ್ಟುಬಿಡಬಹುದು.

ಮಲೆನಾಡಿನಲ್ಲಿ ರಾತ್ರಿಯ ಪ್ರಯಾಣವು ತಪ್ಪುವಂತಹುದಲ್ಲ. ಹೆರಿಗೆಯೂ ಹಾವೂ ಹಗಲನ್ನು ಕಾಯುವುದಿಲ್ಲ. ಚೌಡಿಬನದ ಮುಂದೆ ಕೈಮುಗಿಯುವವರು ಮುಗಿಯಲಿ, ಅದರಿಂದ ಮನಸ್ಸಿಗೆ ಧೈರ್ಯವೂ ಗಾಡಿಗೆ ಕ್ಷಣಕಾಲದ ನಿಧಾನವೂ ಬರುತ್ತದೆ. ಆದರೆ ಕೈಮುಗಿದಾದ ಮೇಲೆ ಒಂದು ಸಲ ಪಕ್ಕಕ್ಕೆ ತಿರುಗಿ, ಚಕ್ರವನ್ನು ಹಿಡಿದವನ ಕಣ್ಣುಗಳನ್ನು ನೋಡಿರಿ. ಅವು ತೆರೆದಿದ್ದರೆ ಉಳಿದುದಕ್ಕೆಲ್ಲ ಅಷ್ಟಾಗಿ ಅಂಜಬೇಕಾದುದಿಲ್ಲ.